ಮಾನೌಮಿಯ ಜೋಡಿ ಕಾಯಿ

ಜಮಖಂಡಿ
೯ ಜೂನ್ ೨೦೦೨

ಚಿರಂಜೀವಿ ಅಕ್ಷತಾಗೆ ಪರಮಾನಂದ ಕಾಕಾನ ಆಶೀರ್ವಾದ.

ನಿನ್ನ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯುವ ಮೊದಲು ನಾನೊಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಎದ್ದು ನಿಂತೇ ಬರೆಯುತ್ತಿದ್ದೇನೆ. ಮನೆಯಲ್ಲಿ ಕಟಕಟೆ ಇಲ್ಲದ್ದರಿಂದ ಇಸ್ತ್ರಿ ಮಾಡುವ ಮೇಜನ್ನು ಹಿಡಿದುಕೊಂಡಿದ್ದೇನೆ.

ಅಪರಾಧ ಇದು. ಗುಂಡು ಹಾರಿಸಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕಾಡತೂಸುಗಳನ್ನು ಬೆಳಗಾವಿಯ ಬಂದೂಕಿನಂಗಡಿಗೆ ಒಯ್ದು ತೋರಿಸಬೇಕು, ಆಮೇಲೆಯೇ ಹೊಸವನ್ನು ಕೊಡುತ್ತಾರೆ. ೧೯೮೧ರ ದಸರೆಯ ಮಾನೌಮಿಯಲ್ಲಿ ಹಾರಿದ ಒಂದು ಕಾಡತೂಸನ್ನು ನಾನು ಒಪ್ಪಿಸಲಿಲ್ಲ. "ಬಾವ್ಯಾಗ ಬಿತ್ರಿ" ಎಂದು ಅಂಗಡಿಯಲ್ಲಿ ಸುಳ್ಳು ಹೇಳಿ, ಅದನ್ನು ತಂದು ನನ್ನ ಮೇಜಿನ ಮೇಲೆ ನಿಲ್ಲಿಸಿದೆ. ಅದರ ಬಾಯಲ್ಲಿ ಕೆಂಪು ಶಾಯಿಯ ರಿಫಿಲ್ಲೊಂದು ಸರಿಯಾಗಿ ಕೂಡುತ್ತದೆ. ಇಪ್ಪತ್ತೊಂದು ವರ್ಷಗಳಿಂದ ನನ್ನ ವಿದ್ಯಾರ್ಥಿಗಳ ಕನ್ನಡ ಪೇಪರಿನಲ್ಲಿ ಬಿದ್ದ ಸೊನ್ನೆಗಳೆಲ್ಲ ಆ ಕೊಳವೆಯಿಂದ ಹಾರಿದವೇ. ಸರ್ಕಾರ ಯಾವ ಶಿಕ್ಷೆ ಕೊಟ್ಟರೂ ಅನುಭವಿಸುವೆ, ಬೇಸಿಗೆ ರಜೆಯಲ್ಲಿ ಕೊಟ್ಟರೆ ಇನ್ನೂ ಅನುಕೂಲ.

ಇನ್ನು ನಿನ್ನ ಪ್ರಶ್ನೆಗಳು. ನಿನ್ನ ಅಪ್ಪನ ಬಂದೂಕು ಎನ್.ಸಿ.ಸಿ.ಯ ರೈಫಲಿನ ಹಾಗೆ ಯಾಕಿಲ್ಲ ಎಂದಿದ್ದೀಯ. ಅದು ಕಾರ್ಬೈನ್, ಮಗಳೇ. ಹೆಸರಿಗೆ ಬಂದೂಕು, ಹೊಟ್ಟೆಗೆ ಪಿಸ್ತೂಲಿನ ಊಟ. ಸಂಸ್ಥಾನದ ಕಾಲದಲ್ಲಿ ನಮ್ಮಿಬ್ಬರ ಅಜ್ಜಂದಿರು ಕುದುರೆ ಲಾಯದ ಸವಾರರಾಗಿದ್ದರು. ಸೊಂಟದ ಪಿಸ್ತೂಲಿಗೂ ಹೆಗಲ ಬಂದೂಕಿಗೂ ಒಂದೇ ಗುಂಡು ನಡೆಯಲಿ ಎಂದು ಈ ಮೋಟು ಬಂದೂಕುಗಳನ್ನು ಅವರಿಗೆ ಕೊಟ್ಟರಂತೆ. ಒಂದೇ ಪೆಟ್ಟಿಗೆಯಲ್ಲಿ ಬಂದ ಜೋಡಿ ಅವು. ಒಂದು ನಮ್ಮ ಮನೆಗೆ ಬಂತು, ಒಂದು ನಿಮ್ಮ ಮನೆಗೆ. ಕೆಳಗಿನ ಹಿಡಿಕೆಯನ್ನು ತಳ್ಳಿ ಎಳೆದರೆ ಖಾಲಿ ಕಾಡತೂಸು ಟಣ್ಣನೆ ಹೊರಗೆ ಹಾರುತ್ತದೆ, ಹೊಸದು ಒಳಗೆ ಕೂಡುತ್ತದೆ. ಇಷ್ಟು ವಿಧೇಯ ವಿದ್ಯಾರ್ಥಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ತೆಂಗಿನಕಾಯಿಯ ಕಥೆ ಖರೆಯೇ ಎಂದು ಕೇಳಿದ್ದೀಯ. ಖರೆ. ಅರವತ್ತು ಹೆಜ್ಜೆಯಿಂದ ಒಂದೇ ಗುಂಡಿಗೆ ಕಾಯಿ ಎರಡು ಹೋಳು. 'ಮುಂದೆ ಗುರಿ, ಹಿಂದೆ ಗುರು' ಎನ್ನುತ್ತಾರೆ. ನನ್ನ ವಿಷಯದಲ್ಲಿ ಎರಡೂ ಒಂದೇ ಅಂಗಿಯೊಳಗಿದ್ದವು.

ಮೂರನೆಯದು, ನಾನೂ ನಿನ್ನ ಅಪ್ಪ ಸಿದರಾಯನೂ ಯಾಕೆ ಮಾತು ಬಿಟ್ಟೆವು ಎಂಬುದು. ಹಾಳೆ ಮುಗಿಯಿತು.

ನಿನ್ನ,
ನಾರಿಕೇಳಭಂಜನ ಪರಮಾನಂದ ಕಾಕಾ


ಬೀಳಗಿ, ಪುನರ್ವಸತಿ ಕೇಂದ್ರ
೨೩ ಜೂನ್ ೨೦೦೨

ಪರಮಾನಂದ ಕಾಕಾ ಅವರಿಗೆ ಅಕ್ಷತಾಳ ಶರಣು.

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಇಸ್ತ್ರಿ ಮೇಜಿನ ತನಕ ನಕ್ಕಳು. ಅಪ್ಪನ ಹೆಸರು ಬಂದಾಗ ಎದ್ದು ಒಲೆಯ ಕಡೆ ಹೋದಳು.

ಅಪ್ಪನ ಬಂದೂಕಿನ ಲೈಸನ್ಸು ನನ್ನ ಹೆಸರಿಗೆ ಆಯಿತು. ಠಾಣೆಯಲ್ಲಿ ವಿಚಾರಣೆಗೆ ಕರೆದಿದ್ದರು. "ಏನವಾ, ನೀನು ಸಾಲ್ಯಾಗ ಪಿ.ಟಿ. ಟೀಚರು. ನಿನಗ್ಯಾಕ ಬೇಕ ಬಂದೂಕು? ಸಾಲಿಗೆ ಹಂದಿ ಬರ್ತಾವೇನು?" ಎಂದರು ಸಾಹೇಬರು.

"ಇಲ್ರಿ ಸರ್. ಗುರಿ ಹೊಡಿಯೂದು ನನಗ ಸೇರತೈತ್ರಿ."

"ಸೇರತೈತಿ?"

"ಹೌದ್ರಿ. ಕೆಲವರಿಗೆ ಕೇರಂ ಸೇರತೈತಲ್ರಿ, ಹಂಗ."

ಅವರ ಹಿಂದೆ ಗೋಡೆಗೆ ಕೇರಂ ಬೋರ್ಡು ಆನಿಸಿತ್ತು. ಸಹಿ ಮಾಡಿದರು.

ಆದರೆ ಸಹಿ ಮಾಡದವರು ಮನೆಯಲ್ಲಿದ್ದಾರೆ, ನಮ್ಮ ಚನಮಲ್ಲಪ್ಪ ದೊಡ್ಡಪ್ಪ. ಅಪ್ಪ ಹೋದ ಮೇಲೆ ನಾವಿಬ್ಬರೂ ಅವರ ಜೊತೆಗೇ ಇದ್ದೇವೆ. ಠಾಣೆಗೆ ಒಪ್ಪಿಸಿದ್ದ ಬಂದೂಕು ಮನೆಗೆ ಮರಳಿದ ದಿನ ಅವರು ಹೊಸ್ತಿಲಲ್ಲೇ ನಿಂತುಬಿಟ್ಟರು. "ಮಾನೌಮಿ ದಿನ ಗುರಿ ತಪ್ಪಿದ ಬಂದೂಕದು. ಆ ವರ್ಷ ಎತ್ತು ಸತ್ತಿತು. ಮುಂದ ಊರ ಮುಳುಗಿತು. ಆಯುಧ ಇಡೂ ಖಂಡೇಪೂಜಿ ಮಣಿ ಮ್ಯಾಲ ಅದು ಕೂಡೂದು ಬ್ಯಾಡ."

"ದೊಡ್ಡಪ್ಪಾರ, ಊರ ಮುಳುಗಿದ್ದು ಡ್ಯಾಮಿನ ನೀರಿಗ್ರಿ."

"ನೀರ ಯಾಕ ಬಂತು?"

ಇದಕ್ಕೆ ನಿಮ್ಮ ಹತ್ತಿರ ಉತ್ತರವಿದ್ದರೆ ತಿಳಿಸಿರಿ. ಕೊನೆಗೆ ಒಂದು ಮಾತಾಯಿತು. ಈ ಮಾನೌಮಿಯೊಳಗೆ ಬಂದೂಕಿನ ದೋಷ ಕಳೆಯದಿದ್ದರೆ ನಾನೇ ಸಹಿ ಮಾಡಿ ಅದನ್ನು ಬೆಳಗಾವಿಯ ಅಂಗಡಿಗೆ ಬಿಟ್ಟು ಬರಬೇಕು. ಅವ್ವ ದೊಡ್ಡಪ್ಪನ ಮಾತು ಮೀರುವುದಿಲ್ಲ, ನಾನು ಅವ್ವನ ಮಾತು ಮೀರುವುದಿಲ್ಲ.

ದೋಷವನ್ನು ಹೇಗೆ ಕಳೆಯಬೇಕೋ ನನಗೆ ಗೊತ್ತಿಲ್ಲ. ಆದರೆ ತಪ್ಪಿದ್ದು ಯಾರು ಎಂದು ತಿಳಿಯುವ ಆಸೆಯಿದೆ. ಅಪ್ಪನ ಕೈಯೋ, ಬಂದೂಕೋ? ನನಗಾಗ ಮೂರು ವರ್ಷ. ಅಪ್ಪ ಅದನ್ನು ಗೂಟಕ್ಕೆ ತೂಗುಹಾಕಿದ್ದಷ್ಟೇ ನನಗೆ ಗೊತ್ತು. ವರ್ಷಕ್ಕೊಮ್ಮೆ ಎಣ್ಣೆ ಒರೆಸುತ್ತಿದ್ದರು, ಹಾರಿಸಲಿಲ್ಲ.

ಆದ್ದರಿಂದ ಬೇಸರಿಸದೆ ತಿಳಿಸಿರಿ. ಕಾಯಿ ಎಲ್ಲಿ ಕಟ್ಟಿತ್ತು? ಎರಡರ ನಡುವೆ ಎಷ್ಟು ಅಂತರ? ಯಾರ ಕಾಯಿ ಯಾವ ಕಡೆ? ಗಾಳಿ ಇತ್ತೇ?

ನಿಮ್ಮ ಮಗಳಂಥ,
ಅಕ್ಷತಾ


ಜಮಖಂಡಿ
೭ ಜುಲೈ ೨೦೦೨

ಚಿ. ಅಕ್ಷತಾಗೆ ಆಶೀರ್ವಾದ.

ಗಾಳಿ ಇತ್ತೇ ಎಂದು ಕೇಳಿದೆಯಲ್ಲ, ಇಪ್ಪತ್ತೊಂದು ವರ್ಷಗಳಲ್ಲಿ ಈ ಕಥೆಯನ್ನು ನಾನು ಎಷ್ಟೋ ಮದುವೆಗಳಲ್ಲಿ, ಬೀಳ್ಕೊಡುಗೆಗಳಲ್ಲಿ, ಒಮ್ಮೆ ಹಳಗನ್ನಡದ ಪಾಠದ ನಡುವೆಯೂ ಹೇಳಿದ್ದೇನೆ. ಗಾಳಿಯ ಬಗ್ಗೆ ಯಾರೂ ಕೇಳಿರಲಿಲ್ಲ. ಗಾಳಿ ಇರಲಿಲ್ಲ.

ನಿನಗೆ ಗೊತ್ತಿರುವ ಹಾಗೆ ಖಂಡೇಪೂಜೆ ಮುಗಿದ ಮೇಲೆ ನಮ್ಮೆರಡು ಮನೆಯವರು ಒಂದೊಂದು ಕಾಯಿಗೆ ಗುಂಡು ಹೊಡೆಯುವುದು ಅಜ್ಜಂದಿರ ಕಾಲದ ವಾಡಿಕೆ. ಕಾಯಿ ಒಡೆದರೆ ಆ ಮನೆಗೆ ವರ್ಷ ಛಲೋ. ಯಾವಾಗಲೂ ಊರ ಹಳೆಯ ಕೋಟೆ ಗಢಿಯ ಮಣ್ಣಿನ ಗೋಡೆಗೆ ಕಟ್ಟುತ್ತಿದ್ದರು. ಆ ವರ್ಷ ಮಳೆಗೆ ಗೋಡೆ ಕುಸಿದಿತ್ತು. ಊರ ಹೊರಗಿನ ದೊಡ್ಡ ಬೇವಿನ ಬೊಡ್ಡೆಯ ಮುಂದೆ ಒಂದೇ ಬಿದಿರಿಗೆ ಎರಡೂ ಕಾಯಿ ಕಟ್ಟಿದರು. ನಡುವೆ ಒಂದು ಗೇಣು, ಅಷ್ಟೇ. ಎಡಗಡೆಯದು ನನ್ನದು, ಬಲಗಡೆಯದು ನಿನ್ನ ಅಪ್ಪನದು. ನಾವು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದೆವು. ಡೊಳ್ಳು ಬಡಿಯುತ್ತಿತ್ತು. "ಹರ ಹರ ಮಹಾದೇವ" ಎಂದ ಕೂಡಲೇ ಇಬ್ಬರೂ ಒಟ್ಟಿಗೆ ಹೊಡೆಯಬೇಕು. ಹೊಡೆದೆವು. ಸಪ್ಪಳ ಒಂದೇ ಕೇಳಿತು, ಗಂಡ ಹೆಂಡತಿ ಒಟ್ಟಿಗೆ ಮಾತಾಡಿದರೆ ಒಂದೇ ಕೇಳುವ ಹಾಗೆ. ಹೊಗೆ ಸರಿದಾಗ ಎಡಗಡೆಯ ಕಾಯಿ ಹೋಳಾಗಿ ನೀರು ಸುರಿಯುತ್ತಿತ್ತು. ಬಲಗಡೆಯದು ಅಲುಗದೆ ತೂಗಿಕೊಂಡಿತ್ತು.

ಊರ ಹಿರಿಯ ಮುದಕಪ್ಪ ಮೊದಲು ಕೂಗಿದ. "ಪರಮ್ಯಾ ಹೊಡದ್ನೋ! ಮಾಸ್ತರ ಆದ್ರೂ ಹೊಡದ್ನೋ!"

ನನ್ನನ್ನು ಮೇಲೆತ್ತಿ ಕುಣಿಸಿದರು. ಬಂದೂಕು ಹೇಗೆ ಒದೆದಿತ್ತೆಂದರೆ ಎಂಟು ದಿನ ನನ್ನ ಬಲಹೆಗಲು ಬದನೆಕಾಯಿಯ ಬಣ್ಣಕ್ಕಿತ್ತು. ನಮ್ಮವ್ವ ಹಾಲವ್ವನನ್ನು ಕೇಳು, ಬಿಸಿ ಉಪ್ಪಿನ ಶಾಖ ಕೊಟ್ಟವಳು ಅವಳೇ. ಯಾರೋ ನಿನ್ನ ಅಪ್ಪನಿಗೆ "ಗುರಿಗೇಡಿ ಸಿದರಾಯ" ಎಂದರು. ಹೆಸರು ಅಂಟಿಕೊಂಡಿತು. ನಾನು ಅಂದದ್ದಲ್ಲ. ಅನ್ನಬೇಡಿ ಎಂದೂ ಹೇಳಲಿಲ್ಲ.

ನಿನಗೆ ಪರೀಕ್ಷೆ ಮಾಡುವ ಮನಸ್ಸಿದ್ದರೆ ನಾನು ಭಾನುವಾರ ಹೋಗುವ ಜಾಗಕ್ಕೆ ಹೋಗು. ಲೋಕಾಪುರದ ಆಚೆಗಿನ ಹಾಳು ಕಲ್ಲಿನ ಖಣಿ. ಮಾಲೀಕ ನನ್ನ ಹಳೆಯ ವಿದ್ಯಾರ್ಥಿ, ಚೀಟಿ ಕೊಡುತ್ತೇನೆ. ಕಲ್ಲಿಗೆ ಹೊಡೆಯಬೇಡ, ಗುಂಡು ತಿರುಗಿ ಬರುತ್ತದೆ. ಎತ್ತರದ ಮಣ್ಣಿನ ದಿಬ್ಬದ ಮುಂದೆ ರಟ್ಟು ಇಟ್ಟುಕೋ. ಮರಳಿನ ಚೀಲದ ಮೇಲೆ ನಳಿಗೆ ಆನಿಸಿ, ಅರ್ಧ ಉಸಿರು ಬಿಟ್ಟು, ಬೆರಳನ್ನು ಮರೆತುಬಿಡು. ಆ ಕ್ಷಣದ ಮೌನವಿದೆಯಲ್ಲ, ಅದಕ್ಕಾಗಿಯೇ ನಾನು ಬಂದೂಕು ಇಟ್ಟುಕೊಂಡಿರುವುದು. ಒಂದು ಹಂದಿಯನ್ನೂ ಒಂದು ಹಕ್ಕಿಯನ್ನೂ ನಾನು ಕೊಂದಿಲ್ಲ. ಎಣ್ಣೆ ಡಬ್ಬಿಗಳನ್ನು ಮಾತ್ರ ನಿರ್ವಂಶ ಮಾಡಿದ್ದೇನೆ.

ನಿನ್ನ,
ಡಬ್ಬಿಮರ್ದನ ಕಾಕಾ


ಬೀಳಗಿ
೪ ಆಗಸ್ಟ್ ೨೦೦೨

ಕಾಕಾ ಅವರಿಗೆ ಅಕ್ಷತಾಳ ಶರಣು.

ಖಣಿಗೆ ಹೋಗಿ ಬಂದೆ. ಅವ್ವನೂ ಬಂದಿದ್ದಳು, ಬುತ್ತಿ ಕಟ್ಟಿಕೊಂಡು. ರಟ್ಟಿನ ಮೇಲೆ ಇದ್ದಿಲಿನಿಂದ ಕಾಯಿಯಷ್ಟು ದೊಡ್ಡ ವೃತ್ತ ಬರೆದೆ. ಅರವತ್ತು ಹೆಜ್ಜೆಯನ್ನು ಅವ್ವನೇ ಅಳೆದಳು. "ಗಂಡಸರ ಹೆಜ್ಜಿ ಹಾಕ್ತೀನಿ ತಡಿ" ಎಂದು ಸೀರೆ ಎತ್ತಿಕಟ್ಟಿ ನಡೆದಳು.

ಮೊದಲ ಗುಂಡು ವೃತ್ತಕ್ಕೆ ಬೀಳಲೇ ಇಲ್ಲ. ನನಗೆ ಅಳು ಬಂತು. ದೊಡ್ಡಪ್ಪನ ಮಾತೇ ಖರೆ ಎನಿಸಿತು. ಆದರೆ ಎನ್.ಸಿ.ಸಿ.ಯಲ್ಲಿ ಒಂದು ಮಾತು ಕಲಿಸಿದ್ದಾರೆ: ಒಂದು ಗುಂಡು ಸುಳ್ಳು ಹೇಳಬಹುದು, ಐದು ಗುಂಡು ಕೂಡಿ ಸುಳ್ಳು ಹೇಳುವುದಿಲ್ಲ. ಗುರಿ ಬದಲಿಸದೆ ಇನ್ನೂ ನಾಲ್ಕು ಹೊಡೆದೆ. ಹೋಗಿ ನೋಡಿದರೆ ಐದೂ ಒಂದೇ ಕಡೆ ಬಿದ್ದಿವೆ. ಅವ್ವ ಅಂಗೈ ಇಟ್ಟಳು, ಐದೂ ಮುಚ್ಚಿಹೋದವು. ಆದರೆ ವೃತ್ತದಿಂದ ಎಡಕ್ಕೆ. ಎಷ್ಟು ಎಡಕ್ಕೆ ಎಂದು ಅವ್ವ ಕೈ ಚಾಚಿ ಅಳೆದಳು. ಸರಿಯಾಗಿ ಒಂದು ಗೇಣು.

ಬಂದೂಕಿನ ತುದಿಯ ಗುರಿಮೊಳೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಅದು ಒಂದು ಕಡೆಗೆ ಸರಿದಿದೆ. ಅವ್ವ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು. "ಚಕ್ಕಡ್ಯಾಗಿಂದ ಬಿದ್ದಿತ್ತಲ್ಲ ಇದು. ಮಾನೌಮಿ ಹಿಂದಿನ ದಿನಾನ. ಲೋಕಾಪುರದ ಸಂತಿಯಿಂದ ಬರೂ ಮುಂದ ಮೂತಿ ಕೆಳಗಾಗಿ ಬಿದ್ದಿತ್ತು. ನಿಮ್ಮಪ್ಪ ಮಣ್ಣ ಒರಿಸಿ ಇಟ್ಟಿದ್ರು."

ಕಾಕಾ, ಅಪ್ಪನ ಕೈ ತಪ್ಪಿರಲಿಲ್ಲ. ತಮ್ಮ ಕಾಯಿಗೆ ಸರಿಯಾಗಿ ಗುರಿಯಿಟ್ಟಿದ್ದರು. ಗುಂಡು ಒಂದು ಗೇಣು ಎಡಕ್ಕೆ ಹೋಗಿರಬೇಕು. ಅಪ್ಪನ ಕಾಯಿಯಿಂದ ಒಂದು ಗೇಣು ಎಡಕ್ಕೆ ಇದ್ದದ್ದು ನಿಮ್ಮ ಕಾಯಿ.

ನನಗೆ ಕುತೂಹಲ ತಡೆಯಲಾಗುತ್ತಿಲ್ಲ, ಕೇಳಿಬಿಡುತ್ತೇನೆ. ಹಾಗಾದರೆ ನಿಮ್ಮ ಗುಂಡು ಎಲ್ಲಿ ಹೋಯಿತು?

ಇನ್ನೊಂದು ಸಣ್ಣ ಮಾತು. ಪಿಸ್ತೂಲಿನ ಗುಂಡಾದ್ದರಿಂದ ಇದು ಒದೆಯುವುದೇ ಇಲ್ಲ. ಅವ್ವನೂ ಒಂದು ಹೊಡೆದಳು. "ಇದೇನ ಬೇ, ಬೆಕ್ಕ ಮೈ ತಿಕ್ಕಿದಂಗ ಆಕ್ಕೈತಿ" ಎಂದಳು. ನಿಮ್ಮ ಹೆಗಲು ಬದನೆಕಾಯಿಯ ಬಣ್ಣಕ್ಕೆ ಹೇಗೆ ತಿರುಗಿತು?

ನಿಮ್ಮ,
ಅಕ್ಷತಾ


ಜಮಖಂಡಿ
೧೧ ಆಗಸ್ಟ್ ೨೦೦೨

ಚಿ. ಅಕ್ಷತಾಗೆ.

ಪಿ.ಟಿ. ಟೀಚರಾಗುವ ಬದಲು ನೀನು ಪೊಲೀಸ್ ಫೌಜದಾರಳಾಗಬೇಕಿತ್ತು. ನಿನ್ನ ಅವ್ವ ಗುರುಬಾಯಿ ವೈನಿಯ ಗೇಣಿನಷ್ಟು ಭಯಂಕರವಾದ ಅಳತೆಗೋಲನ್ನು ನಾನು ಕಂಡಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಬಹಳ ಸರಳ. ಎರಡೂ ಗುಂಡು ಒಂದೇ ಕಾಯಿಗೆ ಬಿದ್ದಿವೆ. ಎರಡು ಸ್ವರ ಕೂಡಿ ಒಂದಾದರೆ ಸಂಧಿ ಎನ್ನುತ್ತೇವೆ. ಎರಡು ಗುಂಡು ಕೂಡಿ ಒಂದು ಕಾಯಿ ಒಡೆದರೆ ಅದೂ ಸಂಧಿಯೇ. ಒಪ್ಪಿಗೆಯಾಗದಿದ್ದರೆ ಇನ್ನೊಂದು ಉತ್ತರವಿದೆ. ನನ್ನ ಗುಂಡು ಕಾಯಿ ಸೀಳಿಕೊಂಡು ಬೇವಿನ ಬೊಡ್ಡೆ ಹೊಕ್ಕಿದೆ. ನೋಡಬೇಕೆನ್ನುವೆಯೇನು? ನೋಡು. ಸರ್ಕಾರ ನನ್ನ ಸಾಕ್ಷ್ಯದ ಮೇಲೆ ಆಳೆತ್ತರ ನೀರು ನಿಲ್ಲಿಸಿದೆ. ಈಜು ಬರುತ್ತದೆಯೇ ನಿನಗೆ?

ಹೆಗಲಿನ ವಿಷಯ. ಮಾಸ್ತರರ ಚರ್ಮ ಮೃದು.

ನಿನ್ನ ಗುರಿಮೊಳೆಯನ್ನು ಸರಿಪಡಿಸುವುದು ಸುಲಭ. ಹಿತ್ತಾಳೆಯ ತುಂಡು ಇಟ್ಟು ಮೆಲ್ಲಗೆ ತಟ್ಟಬೇಕು. ಗುಂಡು ಎಡಕ್ಕೆ ಹೋಗುತ್ತಿದ್ದರೆ ಮೊಳೆಯನ್ನೂ ಎಡಕ್ಕೇ ಸರಿಸಬೇಕು. ವಿಚಿತ್ರವೆನಿಸುತ್ತದೆ, ಆದರೆ ತಪ್ಪಿದ ಕಡೆಗೇ ಹೋಗಬೇಕು, ಆಗ ಗುರಿ ಸಿಗುತ್ತದೆ. ಈ ವಾಕ್ಯ ಬರೆದ ಮೇಲೆ ಐದು ನಿಮಿಷ ಪೆನ್ನು ಕೆಳಗಿಟ್ಟಿದ್ದೆ. ಯಾಕೆ ಎಂದು ಕೇಳಬೇಡ.

ನಿನ್ನ,
ಪರಮಾನಂದ ಕಾಕಾ


ಬೀಳಗಿ
೨ ಸೆಪ್ಟೆಂಬರ್ ೨೦೦೨

ಕಾಕಾ ಅವರಿಗೆ ಶರಣು.

ಈಜು ಬರುತ್ತದೆ. ಆದರೆ ಬೇವಿನ ಮರ ನೀರಿನಲ್ಲಿಲ್ಲ. ಊರು ಬಿಡುವಾಗ ನಮ್ಮ ದೊಡ್ಡಪ್ಪನೇ ಅದನ್ನು ಕಡಿಸಿ ಲೋಕಾಪುರದ ಕಟಗಿ ಅಡ್ಡೆಯಲ್ಲಿ ಸೀಳಿಸಿದ್ದರಂತೆ. ನಮ್ಮ ಖಂಡೇಪೂಜೆಯ ಮಣೆ ಅದೇ ಬೇವಿನದು. ನನಗೆ ಇದು ಗೊತ್ತಾದದ್ದು ಕಳೆದ ವಾರ.

ಭಾನುವಾರ ಅಡ್ಡೆಗೆ ಹೋಗಿದ್ದೆ. ಕೊಯ್ಯುವವನು ಲಗಮಣ್ಣ, ಮುದುಕ. ಬೇವಿನ ಬೊಡ್ಡೆ ಎಂದ ಕೂಡಲೇ ಬೈಯಲು ಸುರು ಮಾಡಿದ. "ಆ ಹಾಳ ಬೊಡ್ಡಿ ನೆನಪ ಮಾಡಬ್ಯಾಡವಾ! ಗರಗಸದ ಹಲ್ಲ ಮುರದಿತ್ತು. ಮರದಾಗ ಸೀಸ ಇಟ್ಟವ ಯಾವನವಾ ಅಂವ?"

"ಎಷ್ಟ ಗುಂಡು ಇದ್ದೂರಿ ಅಜ್ಜಾರ?"

"ಒಂದು. ಒಂದ ಇದ್ದದ್ದಕ್ಕ ನಾನು ಇನ್ನೂ ದಂಧೆ ಮಾಡಾಕತ್ತೇನಿ. ಎರಡ ಇದ್ದಿದ್ರ ಅಡ್ಡೆ ಮುಚ್ಚತಿದ್ದೆ."

ಪೂರ್ತಿ ಬೊಡ್ಡೆಯನ್ನು ಅವನೇ ಹಲಗೆ ಹಲಗೆಯಾಗಿ ಕೊಯ್ದಿದ್ದಾನೆ. ಬೊಡ್ಡೆ ಎರಡು ಎತ್ತು ಜೋಡಿ ನಿಂತಷ್ಟು ಅಗಲ ಇತ್ತಂತೆ. ಅರವತ್ತು ಹೆಜ್ಜೆಯಿಂದ ಅದನ್ನು ತಪ್ಪಿಸುವುದು ಹೊಡೆಯುವುದಕ್ಕಿಂತ ಕಷ್ಟ, ಕಾಕಾ. ನೀವೋ ಎಣ್ಣೆ ಡಬ್ಬಿಗಳನ್ನು ನಿರ್ವಂಶ ಮಾಡಿದವರು.

ಇಷ್ಟನ್ನೂ ದೊಡ್ಡಪ್ಪನ ಮುಂದೆ ಹೇಳಿದೆ. ರಟ್ಟು ತೋರಿಸಿದೆ. "ನಿಂದೆಲ್ಲಾ ಲೆಕ್ಕ ಛಲೋ ಐತಿ," ಎಂದರು. "ಆದ್ರ ಪರಮ್ಯಾನ ಕಾಯಿ ಪರಮ್ಯಾ ಹೊಡದಾನ. ಊರ ನೋಡೈತಿ. ಅಂವಾ ಬಾಯಿ ಬಿಟ್ಟು ಇಲ್ಲ ಅನ್ನಲಿ, ಆಗ ನೋಡೂಣು."

ನನ್ನದೊಂದು ಬೇಡಿಕೆ ಇದೆ. ಬಂದೂಕಿನ ಸುತ್ತಿಗೆ ಕಾಡತೂಸಿನ ಹಿಂಭಾಗಕ್ಕೆ ಬಡಿದಾಗ ಒಂದು ಗುಳಿ ಬೀಳುತ್ತದಲ್ಲ, ಪ್ರತಿ ಬಂದೂಕಿನ ಗುಳಿ ಬೇರೆ ಬೇರೆ. ಅಪ್ಪನ ಬಂದೂಕು ಸರಿಯಾಗಿ ನಡುವೆ ಬಡಿಯುವುದಿಲ್ಲ, ಒಂದು ಮಗ್ಗುಲಿಗೆ ಬಡಿಯುತ್ತದೆ. ನಿಮ್ಮ ಮೇಜಿನ ಮೇಲಿರುವ ಆ ೧೯೮೧ರ ಖಾಲಿ ಕಾಡತೂಸನ್ನು ನನಗೊಮ್ಮೆ ಕಳಿಸುವಿರಾ? ನಿಮ್ಮ ಬಂದೂಕಿನ ಗುಳಿ ಹೇಗಿರುತ್ತದೆ ಎಂದು ನೋಡುವ ಆಸೆ. ನೋಡಿ ಮರಳಿಸುತ್ತೇನೆ.

ನಿಮ್ಮ,
ಅಕ್ಷತಾ


(ಪೋಸ್ಟ್ ಕಾರ್ಡು)

ಬೀಳಗಿ
೨೮ ಸೆಪ್ಟೆಂಬರ್ ೨೦೦೨

ಕಾಕಾ ಅವರಿಗೆ ಶರಣು. ನಿಮ್ಮ ಪತ್ರ ಬರಲಿಲ್ಲ. ಆರೋಗ್ಯ ಹೇಗಿದೆ? ಹಾಲವ್ವ ಆಯಿ ಹೇಗಿದ್ದಾರೆ? ಅಕ್ಟೋಬರ್ ೧೪ಕ್ಕೆ ಮಾನೌಮಿ. ಹನ್ನೆರಡಕ್ಕೆ ಶಾಲೆಗೆ ರಜೆ ಹಾಕಿದ್ದೇನೆ, ಬೆಳಗಾವಿಗೆ ಹೋಗಲು. ಗುರಿಮೊಳೆ ನೀವು ಹೇಳಿದಂತೆ ಎಡಕ್ಕೆ ತಟ್ಟಿದೆ. ಈಗ ಐದೂ ವೃತ್ತದೊಳಗೆ ಬೀಳುತ್ತಿವೆ. ಬಿಟ್ಟುಕೊಡುವ ಮೊದಲು ಸರಿಮಾಡಿ ಕೊಡೋಣ ಎನಿಸಿತು. ಕಾಡತೂಸು ಕೇಳಿದ್ದು ನಿಮ್ಮನ್ನು ಸೋಲಿಸಲಿಕ್ಕಲ್ಲ. ಅಪ್ಪನನ್ನು ಸ್ವಲ್ಪ ನೋಡೋಣ ಎಂದು ಕೇಳಿದೆ. — ಅಕ್ಷತಾ


ಜಮಖಂಡಿ
೬ ಅಕ್ಟೋಬರ್ ೨೦೦೨

ಅಕ್ಷತಾ,

ಈ ಪತ್ರವನ್ನು ಚನಮಲ್ಲಪ್ಪ ಅಣ್ಣನ ಮುಂದೆ ಗಟ್ಟಿಯಾಗಿ ಓದು. ಪಿ.ಟಿ. ಪೀರಿಯಡ್ಡಿನ ದನಿಯಲ್ಲಿ ಓದು. ಗುರುಬಾಯಿ ವೈನಿಯೂ ಇರಲಿ, ಒಲೆಯ ಕಡೆ ಹೋಗಲು ಬಿಡಬೇಡ.

ನೀನು ಕೇಳಿದ ಖಾಲಿ ಕಾಡತೂಸು ಈ ಲಕೋಟೆಯಲ್ಲಿದೆ. ರಿಫಿಲ್ ತೆಗೆದಿದ್ದೇನೆ. ಹಿಂಭಾಗ ನೋಡು. ಗುಳಿ ಒಂದು ಮಗ್ಗುಲಿಗಿದೆ. ನಿನ್ನ ಪತ್ರ ಬಂದ ದಿನವೇ ಕನ್ನಡಕ ಒರೆಸಿಕೊಂಡು ನೋಡಿದೆ. ನೋಡುವ ಅಗತ್ಯ ನನಗಿರಲಿಲ್ಲ. ಅದು ನಿನ್ನ ಅಪ್ಪನ ಬಂದೂಕಿನದು. ಅವನ ಕಾಲ ಹತ್ತಿರ ಬಿದ್ದಿತ್ತು. ನಾನು ಬಗ್ಗಿ ಎತ್ತಿ ಜೇಬಿಗೆ ಹಾಕಿಕೊಂಡೆ.

ಇನ್ನು ನನ್ನ ಗುಂಡು ಎಲ್ಲಿ ಹೋಯಿತು ಎಂಬುದು. ಅದು ಎಲ್ಲಿಯೂ ಹೋಗಲಿಲ್ಲ, ಮಗಳೇ. ನಮ್ಮ ಮನೆಯ ಜಗುಲಿಯ ಮೇಲೆಯೇ ಇತ್ತು.

ಖಂಡೇಪೂಜೆಯಲ್ಲಿ ಬಂದೂಕಿಗೆ ವಿಭೂತಿ ಹಚ್ಚಿ, ಗೊಂಡೆ ಹೂವಿನ ಹಾರ ಹಾಕುವಾಗ ನಮ್ಮವ್ವ ಕಾಡತೂಸುಗಳನ್ನೂ ಒಂದು ತಾಟಿನಲ್ಲಿಟ್ಟು ಕುಂಕುಮ ಹಚ್ಚಿ ಬಿಲ್ವಪತ್ರಿ ಏರಿಸುತ್ತಿದ್ದಳು. ಆ ವರ್ಷ ಪತ್ರಿ ಸ್ವಲ್ಪ ಹೆಚ್ಚಾಯಿತು. ತಾಟು ಮುಚ್ಚಿಹೋಯಿತು. ನಾನು ಭಕ್ತಿಯಿಂದ ಕೈಮುಗಿದು, ಮೂರು ಸಲ ಪ್ರದಕ್ಷಿಣೆ ಮಾಡಿ, ಹಾರ ಹಾಕಿದ ಬಂದೂಕನ್ನು ಹೆಗಲಿಗೇರಿಸಿಕೊಂಡು ಡೊಳ್ಳಿನ ಹಿಂದೆ ಹೊರಟೆ. ಗುಂಡುಗಳನ್ನು ದೇವರ ಹತ್ತಿರವೇ ಬಿಟ್ಟಿದ್ದೆ. "ಹರ ಹರ ಮಹಾದೇವ" ಎಂದರು, ನಾನೂ ಬಂದೂಕಿನ ಕುದುರೆ ಎಳೆದೆ. ಟಕ್ ಎಂದಿತು. ಪಕ್ಕದಲ್ಲಿ ಸಿದರಾಯನ ಬಂದೂಕು ಢಂ ಎಂದಿತು. ನನ್ನ ಕಾಯಿ ಹೋಳಾಯಿತು.

ಆ ಕ್ಷಣದಲ್ಲಿ ಬಾಯಿ ಬಿಡಬೇಕೆಂದಿದ್ದೆ. ಖರೆ ಹೇಳುತ್ತೇನೆ, ಬಿಟ್ಟೆ ಕೂಡ. ಆದರೆ ಮುದಕಪ್ಪ ಕೂಗಿದ, ಯಾರೋ ನನ್ನನ್ನು ಎತ್ತಿದರು. ಎತ್ತಿದವರು ಎರಡು ಸುತ್ತು ಕುಣಿಸಿ ನನ್ನನ್ನು ಚಕ್ಕಡಿಯ ನೊಗದ ಮೇಲೆ ಬೀಳಿಸಿದರು. ಬದನೆಕಾಯಿಯ ಹೆಗಲು ಆ ನೊಗದ್ದು. ಕೆಳಗೆ ಬಿದ್ದವನ ಕಣ್ಣೆದುರಿಗೇ ಆ ಹಿತ್ತಾಳೆ ಹೊಳೆಯುತ್ತಿತ್ತು. ಎತ್ತಿಕೊಂಡೆ. ತಲೆಯೆತ್ತಿದರೆ ಸಿದರಾಯ ನನ್ನನ್ನೇ ನೋಡುತ್ತಿದ್ದ. ಏನೂ ಅನ್ನಲಿಲ್ಲ. ನಾನೂ ಏನೂ ಅನ್ನಲಿಲ್ಲ. ನಿನ್ನ ಮೂರನೆಯ ಪ್ರಶ್ನೆಗೆ ಉತ್ತರ ಅಷ್ಟೇ. ಜೂನಿನಲ್ಲಿ ಹಾಳೆ ಮುಗಿದಿರಲಿಲ್ಲ, ಇನ್ನೂ ಅರ್ಧ ಖಾಲಿ ಇತ್ತು.

ನನ್ನ ಮೊದಲ ಪತ್ರದ ತಪ್ಪೊಪ್ಪಿಗೆಯೂ ಸುಳ್ಳು. ನಾನು ಅಂಗಡಿಗೆ ಒಂದು ಕಾಡತೂಸಿನ ಮೋಸವನ್ನೂ ಮಾಡಿರಲಿಲ್ಲ. ನನ್ನವು ಅಷ್ಟೂ ತುಂಬಿಯೇ ಇದ್ದವಲ್ಲ! ಒಂದು ಕಡಿಮೆ ಬಿದ್ದದ್ದು ಸಿದರಾಯನಿಗೆ. ಮರುವರ್ಷ ಬೆಳಗಾವಿಯ ಅಂಗಡಿಯವನೇ ನನಗೆ ಹೇಳಿದ, "ನಿಮ್ಮ ದೋಸ್ತರದು ಒಂದು ಬಾವ್ಯಾಗ ಬಿತ್ತಂತಲ್ರಿ." ನಾನು ಎತ್ತಿಕೊಂಡದ್ದನ್ನು ಸಿದರಾಯ ಕಂಡಿದ್ದ, ಆದರೂ ನನ್ನ ಹೆಸರು ಹೇಳಲಿಲ್ಲ. ನನಗಾಗಿ ಅವನು ಹೇಳಿದ ಆ ಸುಳ್ಳನ್ನೂ ಕದ್ದು ನಿನ್ನ ಮುಂದೆ ನನ್ನದೆಂದು ಮೆರೆಸಿದೆ. ಸಿದರಾಯ ತೀರಿಕೊಂಡಾಗ ನಾನು ಯಾಕೆ ಬರಲಿಲ್ಲ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ನಿನ್ನ ಎಲ್ಲ ಪ್ರಶ್ನೆಗಳಲ್ಲಿ ಅದೇ ನನ್ನನ್ನು ಹೆಚ್ಚು ಕಾಡಿತು.

ಚನಮಲ್ಲಪ್ಪ ಅಣ್ಣಾ, ಈಗ ನಿನಗೆ. ಬಾಯಿ ಬಿಟ್ಟಿದ್ದೇನೆ, ನೋಡು. ಆ ಮಾನೌಮಿಯಲ್ಲಿ ಹಾರಿದ್ದು ಒಂದೇ ಗುಂಡು, ಅದು ನಿನ್ನ ತಮ್ಮನದು. ಒಡೆದದ್ದು ಒಂದೇ ಕಾಯಿ, ಅದೂ ಅವನೇ ಒಡೆದದ್ದು. ಕಾಯಿ ಯಾರದ್ದೆಂದು ಗುಂಡಿಗೇನು ಗೊತ್ತು? ಆ ಗುಂಡು ಹೊಕ್ಕ ಬೇವಿನ ಮಣೆಯನ್ನೇ ನೀನು ಇಷ್ಟು ವರ್ಷ ಪೂಜೆಗೆ ಇಡುತ್ತ ಬಂದಿದ್ದೀ. ಹುಡುಗಿಯ ಬಂದೂಕನ್ನು ಅದರ ಮೇಲೆ ಇಡು. ದೋಷ ಹುಡುಕಬೇಕೆಂದಿದ್ದರೆ ಜಮಖಂಡಿಯ ಕಡೆ ಹುಡುಕು.

ಅಕ್ಷತಾ, ಹನ್ನೆರಡರ ರಜೆಯನ್ನು ರದ್ದು ಮಾಡು. ದಶಮಿಯ ದಿನ ಮುಂಜಾನೆಯ ಬಸ್ಸಿಗೆ ನಾನೇ ಬರುತ್ತೇನೆ, ಬನ್ನಿ ಕೊಡಲು. ಇಪ್ಪತ್ತೊಂದು ವರ್ಷದ ಬನ್ನಿ ಬಾಕಿ ಇದೆ, ಚೀಲ ದೊಡ್ಡದು ತರುವೆ. ಮರುದಿನ ಖಣಿಗೆ ಹೋಗಿ ಬಿದಿರಿಗೆ ಜೋಡಿ ಕಾಯಿ ಕಟ್ಟೋಣ. ನೀನು ಬಲಕ್ಕೆ, ನಾನು ಎಡಕ್ಕೆ. ನಾನೂ ನನ್ನ ಬಂದೂಕು ತರುತ್ತೇನೆ.

ಈ ಪತ್ರ ಬರೆಯುವುದನ್ನು ನಮ್ಮವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಮಾನೌಮಿಯ ರಾತ್ರಿ ಪತ್ರಿ ತೆಗೆದು ತಾಟು ಎತ್ತಿಟ್ಟವಳು ಅವಳೇ. ಎಲ್ಲವೂ ಗೊತ್ತಿದ್ದು, ಇಪ್ಪತ್ತೊಂದು ವರ್ಷ ನನ್ನ ಬಡಾಯಿಗೆ ಉಪ್ಪಿನ ಶಾಖ ಕೊಡುತ್ತ ಬಂದಳು. ಇವತ್ತು ಮೊದಲ ಸಲ ಬಾಯಿ ಬಿಟ್ಟಳು. "ಬರದೀ? ಛಲೋ ಆತು. ಬೀಳಗಿಗೆ ಹೋಗೂ ಮುಂದ ಗುಂಡ ನನ್ನ ಕೈಯಾಗ ಕೊಡು. ಬಸ್ಸ ಹತ್ತೂತನಕ ನಾನ ಹಿಡಕೊಂಡ ನಿಂದರತೀನಿ."

ನಿನ್ನ,
ತೆಂಗಿನಕಾಯಿಗೆ ಇವತ್ತಿನವರೆಗೂ ಕೈ ಹಚ್ಚದ,
ಪರಮಾನಂದ

ತಾ.ಕ.: ಎಣ್ಣೆ ಡಬ್ಬಿಗಳ ವಿಷಯ. ನನ್ನ ಲೆಕ್ಕದಲ್ಲಿ ನಿರ್ವಂಶವಾದ ಡಬ್ಬಿಗಳಲ್ಲಿ ಹೆಚ್ಚಿನವು ಗಾಳಿಗೆ ಬಿದ್ದವು. ಅದಕ್ಕೇ ನೀನು ಗಾಳಿ ಇತ್ತೇ ಎಂದು ಕೇಳಿದಾಗ ನನಗೆ ಬೆವರು ಬಂದದ್ದು.